ಕೋಲು ಕೈಗೆ ಕೊಡುವ ಮುಂಚೆ: ಹೊಡೆದಾಟ ಕಂಡ ಮಕ್ಕಳಿಗೆ ಡ್ಯಾನ್ಸ್ ಕಲಿಸುವವರಿಗೆ

ಮೊದಲ ದಿನ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಒಂದಿಷ್ಟು ಮೂಡ್ ಬರಲಿ ಅಂತ ಹಾಲ್‌ನ ಲೈಟ್ ಆರಿಸಿದೆ. ಮಕ್ಕಳಿಗೆ ಕಣ್ಣು ಮುಚ್ಚಿಕೊಳ್ಳಿ ಅಂದೆ. ಆಮೇಲೆ ಜೋರಾಗಿ ಒಂದು ಚಪ್ಪಾಳೆ ತಟ್ಟಿದೆ. ಇಬ್ಬರು ಬಾಗಿಲಿಗೆ ಓಡಿದರು. ಒಬ್ಬಳು ಮೇಜಿನ ಕೆಳಗೆ ಸೇರಿಕೊಂಡಳು. ಒಬ್ಬ ಹುಡುಗ ಪಕ್ಕದವನ ಕಾಲರ್ ಹಿಡಿದು ನಿಂತಿದ್ದ. ಮೂರು ವಾರದ ಹಿಂದೆ, ಕರೆಂಟ್ ಹೋಗಿದ್ದ ಹೊತ್ತಲ್ಲಿ, ಅದೇ ಬೀದಿಯಲ್ಲಿ ಲಾಂಗ್ ಬೀಸಿದ್ದರಂತೆ. ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಅಲ್ಲಿಂದ ಇಲ್ಲಿಗೆ ಏಳೆಂಟು ವರ್ಷ ಶನಿವಾರದ ಕ್ಲಾಸ್ ನಡೆಸಿದ್ದೇನೆ. ನಾನು ಚಿಕಿತ್ಸಕಿ ಅಲ್ಲ, ಡ್ಯಾನ್ಸ್ ಟೀಚರ್. ಬೆಂಗಳೂರಿನಲ್ಲಿ ಇಂಥ ಮಕ್ಕಳ ಜೊತೆ ಕುಣಿತದ ಕ್ಲಾಸ್ ಶುರು ಮಾಡಬೇಕು ಅಂತ ಹೊರಟವರಿಗೆ ಇದು ಬರೆದದ್ದು. ಒಂದು ಮಾತು ಮೊದಲೇ: ಮಕ್ಕಳ ನೋವನ್ನು ಕುಣಿಸೋಕೆ ಹೋಗಬೇಡಿ. ಅವರಿಗೆ ಬೇಕಾಗಿರುವುದು ತಾಳ, ವಾರವಾರ ಅದೇ ಹೊತ್ತಿಗೆ ತೆರೆಯುವ ಒಂದು ಬಾಗಿಲು, ಮತ್ತು 'ಬೇಡ' ಅನ್ನುವ ಅವಕಾಶ.

ಹೆಜ್ಜೆ 1: ಏರಿಯಾದ ಮಾತು ಕೇಳಿಸಿಕೊಳ್ಳಿ

ಕ್ಲಾಸ್ ಶುರುವಾಗುವ ಮುಂಚೆ ಒಂದು ತಿಂಗಳು ಸುಮ್ನೆ ಓಡಾಡಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರು, ಟೀ ಅಂಗಡಿಯವರು: ಇವರಿಗೆ ಗೊತ್ತಿಲ್ಲದ ಸುದ್ದಿ ಇಲ್ಲ. ಯಾವ ಬೀದಿಯವರು ಯಾವ ಬೀದಿಗೆ ಬರುವುದಿಲ್ಲ? ಯಾವ ಮನೆಯಲ್ಲಿ ಯಾರನ್ನು ಕಳೆದುಕೊಂಡಿದ್ದಾರೆ? ಯಾವ ಹೊತ್ತಿಗೆ ಮೈದಾನದ ಪಕ್ಕ ಕುಡಿಯುವವರು ಕೂರುತ್ತಾರೆ? ಇದನ್ನು ಬರೆದಿಡಬೇಡಿ, ತಲೆಯಲ್ಲಿಟ್ಟುಕೊಳ್ಳಿ.

ಹಿಂಸೆ ಅಂದ ತಕ್ಷಣ ನಮಗೆ ರೌಡಿಗಳ ನೆನಪು ಬರುತ್ತದೆ. ಆದರೆ ಮಕ್ಕಳ ಲೆಕ್ಕ ಬೇರೆ. 2013ರ ಜನವರಿಯಲ್ಲಿ ಈಜಿಪುರದಲ್ಲಿ ಬಡವರ ಮನೆಗಳನ್ನು ಜೆಸಿಬಿ ತಂದು ಒಡೆದರು. ನಿಂತು ನೋಡಿದ ಮಗುವಿಗೆ ಅದೂ ಹಿಂಸೆಯೇ. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಬೆಂಕಿ ಬಿತ್ತು, ಗೋಲಿಬಾರ್‌ನಲ್ಲಿ ಮೂವರು ಸತ್ತರು. ಆಗ ಎಂಟು ವರ್ಷದವರಾಗಿದ್ದವರು ಈಗ ಹದಿಹರೆಯದಲ್ಲಿದ್ದಾರೆ. ಕಾವೇರಿ ಗಲಾಟೆ 1991ರ ಡಿಸೆಂಬರ್‌ನಲ್ಲೂ ಆಯಿತು, 2016ರಲ್ಲೂ ಆಯಿತು. ತಮಿಳು ಮಾತಾಡುವ ಮನೆಗಳಲ್ಲಿ ಅಜ್ಜಿಯರು ಆ ಡಿಸೆಂಬರ್‌ನ ಕಥೆಯನ್ನು ಇವತ್ತಿಗೂ ತಗ್ಗಿದ ದನಿಯಲ್ಲೇ ಹೇಳುತ್ತಾರೆ. ಮಕ್ಕಳು ಕೇಳಿಸಿಕೊಂಡಿರುತ್ತಾರೆ. ಇನ್ನು ಗೋಡೆಯಾಚೆಯ ಮನೆಯಲ್ಲಿ ದಿನಾ ರಾತ್ರಿ ನಡೆಯುವ ಹೊಡೆತ ಯಾವ ಪೇಪರಿನಲ್ಲೂ ಬರುವುದಿಲ್ಲ.

ಹಾಗಂತ ನಿಮ್ಮ ಕ್ಲಾಸಿಗೆ 'ಹಿಂಸಾಪೀಡಿತ ಮಕ್ಕಳ ನೃತ್ಯ ತರಗತಿ' ಅಂತ ಬೋರ್ಡ್ ಹಾಕಬೇಡಿ. ಯಾವ ಮಗು ಆ ಬೋರ್ಡಿನ ಕೆಳಗೆ ನುಗ್ಗಿ ಬರುತ್ತದೆ ಹೇಳಿ? 'ಶನಿವಾರದ ಡ್ಯಾನ್ಸ್ ಕ್ಲಾಸ್' ಸಾಕು. ಎಲ್ಲ ಮಕ್ಕಳೂ ಬರಲಿ, ಏನೂ ಆಗದ ಮಕ್ಕಳೂ ಬರಲಿ.

ಹೆಜ್ಜೆ 2: ಜಾಗ, ಹೊತ್ತು, ಜನ

ಪಾಲಿಕೆಯ ಸಮುದಾಯ ಭವನ, ಸರ್ಕಾರಿ ಶಾಲೆಯ ಹಾಲ್, ಲೈಬ್ರರಿಯ ಮೇಲಿನ ಮಹಡಿ, ಯಾವುದಾದರೂ ಸರಿ. ಬೆಂಗಳೂರಿನಲ್ಲಿ ಈಗ ಐದು ಪಾಲಿಕೆಗಳಾಗಿವೆ, ನಿಮ್ಮ ಭವನ ಯಾವುದರ ಕೆಳಗೆ ಬರುತ್ತದೆ ಅಂತ ನೋಡಿ ಅರ್ಜಿ ಕೊಡಿ. ಒಂದು ಗುಂಪಿನದು ಅಂತ ಹೆಸರಾದ ದೇವಸ್ಥಾನ, ಚರ್ಚ್, ಮಸೀದಿಯ ಜಾಗ ಬೇಡ. ಪಕ್ಷದ ಆಫೀಸಿನ ಪಕ್ಕದ ಹಾಲ್ ಉಚಿತವಾಗಿ ಸಿಕ್ಕರೂ ಬೇಡ. ಎರಡು ಬೀದಿಗಳ ನಡುವೆ ಇರುವ ಜಾಗ ಒಳ್ಳೆಯದು. ಯಾರೂ ಇನ್ನೊಬ್ಬರ ಏರಿಯಾ ದಾಟಿ ಬರಬೇಕಾಗಬಾರದು.

ಬಾಗಿಲು ಎಲ್ಲರಿಗೂ ಕಾಣುವ ಹಾಗಿರಲಿ, ಒಳಗಿಂದ ಚಿಲಕ ಹಾಕಬೇಡಿ. ಕತ್ತಲಾಗುವ ಮುಂಚೆ ಮುಗಿಸಿ. ಕಾವೇರಿ ನೀರು ಬರುವ ದಿನ ಯಾವುದು ಅಂತ ಕೇಳಿಕೊಳ್ಳಿ. ಆ ಹೊತ್ತಿಗೆ ಕ್ಲಾಸ್ ಇಟ್ಟರೆ ಹುಡುಗಿಯರು ಬಿಂದಿಗೆ ಹಿಡಿದು ಸಾಲಿನಲ್ಲಿರುತ್ತಾರೆ, ನಿಮ್ಮ ಹಾಲ್‌ನಲ್ಲಿ ಬರೀ ಹುಡುಗರು.

15 ಮಕ್ಕಳಿಗೆ ಇಬ್ಬರು ದೊಡ್ಡವರು ಇರಲೇಬೇಕು, ಒಬ್ಬರು ಹೆಂಗಸು. ಒಬ್ಬರು ಕಲಿಸುತ್ತಾರೆ, ಇನ್ನೊಬ್ಬರು ನೋಡುತ್ತಾರೆ. ನೋಡುವವರ ಕೆಲಸವೇ ದೊಡ್ಡದು.

ಹೆಜ್ಜೆ 3: ಕಾನೂನು ಗೊತ್ತಿರಲಿ

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ನಿಮಗೆ ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ. ತಿಳಿಸದೆ ಮುಚ್ಚಿಟ್ಟರೆ ಅದೂ ಅಪರಾಧ. ಹಾಗಾಗಿ ಮಗುವಿಗೆ 'ಯಾರಿಗೂ ಹೇಳಲ್ಲ, ಪ್ರಾಮಿಸ್' ಅಂತ ಮಾತ್ರ ಯಾವತ್ತೂ ಅನ್ನಬೇಡಿ. 'ನಿನ್ನನ್ನು ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ಹೇಳುವ ಮುಂಚೆ ನಿನಗೆ ತಿಳಿಸ್ತೀನಿ' ಅನ್ನಿ. ಮಕ್ಕಳ ಸಹಾಯವಾಣಿ 1098, ಉಚಿತ, 24 ಗಂಟೆಯೂ ಇರುತ್ತದೆ. ತುರ್ತಾದರೆ 112. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್, 14416, ಕನ್ನಡದಲ್ಲೂ ಮಾತಾಡುತ್ತಾರೆ. ಇನ್ನೂ ಹೆಚ್ಚಿನದು ಬೇಕಾದರೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಈ ನಂಬರುಗಳನ್ನು ಹಾಲ್‌ನ ಗೋಡೆಗೆ ಅಂಟಿಸಿ, ಮಕ್ಕಳ ಕಣ್ಣಿನ ಎತ್ತರಕ್ಕೆ.

ಹೆಜ್ಜೆ 4: ಬೆದರಿದ ಮೈಯನ್ನು ಓದಿ

ತುಂಬಾ ದಿನ ಭಯದಲ್ಲಿದ್ದ ಮೈ ಕಾವಲುಗಾರನ ಹಾಗೆ ಇರುತ್ತದೆ. ಭುಜ ಮೇಲೆ, ಉಸಿರು ಎದೆಯಲ್ಲೇ, ಕಿವಿ ಬಾಗಿಲ ಕಡೆ. ಸದ್ದಾದರೆ ಓಡುತ್ತದೆ, ಹೊಡೆಯುತ್ತದೆ, ಇಲ್ಲವೇ ಮರಗಟ್ಟುತ್ತದೆ. ಮರಗಟ್ಟುವ ಮಗುವನ್ನು ನಾವು 'ತುಂಬಾ ಒಳ್ಳೆ ಮಗು, ಗಲಾಟೆ ಮಾಡಲ್ಲ' ಅಂತ ಹೊಗಳುತ್ತೇವೆ. ನಿಮ್ಮ ಜೊತೆಗಾರರು ಮೊದಲು ನೋಡಬೇಕಾದದ್ದು ಆ ಮಗುವನ್ನೇ.

ಕೆಲವು ನಿಯಮ ನನಗೆ ಅನುಭವ ಕಲಿಸಿದ್ದು. ಲೈಟ್ ಆರಿಸಬೇಡಿ. ಕಣ್ಣು ಮುಚ್ಚಲು ಹೇಳಬೇಡಿ, 'ನೆಲ ನೋಡಿ' ಅಂದರೆ ಅದೇ ಕೆಲಸ ಆಗುತ್ತದೆ. ವಿಷಲ್ ಬೇಡ. ಭರತನಾಟ್ಯ ಕಲಿತವರಾದರೆ ತಟ್ಟುಕೋಲು ಮನೆಯಲ್ಲಿಟ್ಟು ಬನ್ನಿ. ನಿಮಗೆ ಅದು ತಾಳ, ಮಗುವಿಗೆ ಅದು ದೊಣ್ಣೆಯ ಸದ್ದು. ಕೈಯಿಂದ ಮೆಲ್ಲಗೆ ತೊಡೆ ತಟ್ಟಿ ತಾಳ ಹಾಕಿ. ಹಿಂದಿನಿಂದ ಹೋಗಿ ಸೊಂಟ, ಭುಜ ಸರಿ ಮಾಡಬೇಡಿ. ಅರೆಮಂಡಿ, ಅಂದರೆ ಮಂಡಿ ಬಗ್ಗಿಸಿ ಅರ್ಧ ಕೂರುವ ಭಂಗಿ, ಸರಿ ಇಲ್ಲವೇ? ಮುಂದೆ ನಿಂತು ನೀವೇ ಕೂತು ತೋರಿಸಿ. ಮುಟ್ಟಲೇಬೇಕಾದರೆ ಕೇಳಿ, ಪ್ರತಿ ಸಲವೂ ಕೇಳಿ. ಹೋದ ವಾರ ಸರಿ ಅಂದದ್ದು ಈ ವಾರಕ್ಕೆ ಲೆಕ್ಕಕ್ಕಿಲ್ಲ.

ಹಾಲ್‌ನ ಒಂದು ಮೂಲೆಯಲ್ಲಿ ಚಾಪೆ ಹಾಸಿ. ಬೇಡ ಅನ್ನಿಸಿದವರು ಅಲ್ಲಿ ಕೂತು ನೋಡಬಹುದು, ಕಾರಣ ಹೇಳಬೇಕಿಲ್ಲ. ನಮ್ಮಲ್ಲಿ ಒಬ್ಬ ಹುಡುಗ ಹನ್ನೊಂದು ವಾರ ಚಾಪೆಯ ಮೇಲೇ ಕೂತಿದ್ದ. ಹನ್ನೆರಡನೇ ವಾರ ಎದ್ದು ಬಂದವನಿಗೆ ಎಲ್ಲ ಹೆಜ್ಜೆಯೂ ಬರುತ್ತಿತ್ತು.

ಹೆಜ್ಜೆ 5: 75 ನಿಮಿಷದ ಕ್ಲಾಸ್

ಪ್ರತಿ ವಾರವೂ ಅದೇ ಕ್ರಮ ಇರಲಿ. ನಿಮಗೆ ಬೋರ್ ಆಗುತ್ತದೆ, ಆಗಲಿ. ಮುಂದೇನು ಅಂತ ಗೊತ್ತಿರುವುದೇ ಈ ಮಕ್ಕಳಿಗೆ ಆರಾಮ.

ಮೊದಲು ಹೆಸರಿನ ಸುತ್ತು, ಹತ್ತು ನಿಮಿಷ. ಎಲ್ಲರೂ ದುಂಡಗೆ ನಿಂತು, ಒಬ್ಬೊಬ್ಬರೂ ಹೆಸರು ಹೇಳಿ ಒಂದು ಚಲನೆ ಮಾಡಬೇಕು. ಉಳಿದವರು ಆ ಹೆಸರನ್ನೂ ಚಲನೆಯನ್ನೂ ಹಾಗೇ ತಿರುಗಿ ಮಾಡಬೇಕು. ಒಬ್ಬ ಬರೀ ಮೂಗು ತುರಿಸಿಕೊಂಡರೆ ಹದಿನಾಲ್ಕು ಮಂದಿಯೂ ಮೂಗು ತುರಿಸಿಕೊಳ್ಳಬೇಕು. ನಗು ಬರುತ್ತದೆ, ಬರಲಿ. 1940ರ ದಶಕದಲ್ಲಿ ವಾಷಿಂಗ್ಟನ್‌ನ ಮನೋರೋಗ ಆಸ್ಪತ್ರೆಯೊಂದರಲ್ಲಿ ಮರಿಯನ್ ಚೇಸ್ ಎಂಬ ನರ್ತಕಿ, ಮಾತೇ ಆಡದ ರೋಗಿಗಳ ಜೊತೆ ಹೀಗೆ ದುಂಡಗೆ ನಿಂತು ಅವರ ಚಲನೆಗೆ ಕನ್ನಡಿಯಾಗುತ್ತಿದ್ದರು. ನೃತ್ಯ ಚಿಕಿತ್ಸೆ ಎಂಬ ವಿದ್ಯೆ ಬೆಳೆದ ಬೇರುಗಳಲ್ಲಿ ಅದೂ ಒಂದು. ನಮ್ಮ ದೇಶದಲ್ಲಿ ಕೋಲ್ಕತ್ತಾ ಸಂವೇದ್ ಸಂಸ್ಥೆ 2004ರಿಂದ ದೌರ್ಜನ್ಯದಿಂದ ಪಾರಾದವರ ಜೊತೆ ಕುಣಿತದ ಮೂಲಕವೇ ಕೆಲಸ ಮಾಡುತ್ತಿದೆ. ಚಿಕಿತ್ಸೆ ಕಲಿಯಬೇಕು ಅನ್ನುವವರು ಸರಿಯಾಗಿ ತರಬೇತಿ ಪಡೆಯಿರಿ. ಒಂದು ವಾರದ ವರ್ಕ್‌ಶಾಪ್ ಸರ್ಟಿಫಿಕೇಟ್ ಇಟ್ಟುಕೊಂಡು 'ಥೆರಪಿ' ಅನ್ನಬೇಡಿ.

ಆಮೇಲೆ ಕಾಲು, ಹದಿನೈದು ನಿಮಿಷ. ಭರತನಾಟ್ಯದ ತಟ್ಟಡವು ಇದಕ್ಕೆ ಹೇಳಿ ಮಾಡಿಸಿದ್ದು. 'ತೈಯಾ ತೈ' ಅಂತ ನೆಲಕ್ಕೆ ಬಲವಾಗಿ ತಟ್ಟುವುದು. ಸಿಟ್ಟಿದ್ದವರ ಸಿಟ್ಟು ಪಾದದಿಂದ ಇಳಿಯುತ್ತದೆ, ಮಂಕಾಗಿದ್ದವರಿಗೆ ಪಾದ ಇದೆ ಅಂತ ಗೊತ್ತಾಗುತ್ತದೆ. ಮೊದಲು ನಿಧಾನ, ಆಮೇಲೆ ದುಪ್ಪಟ್ಟು, ಮತ್ತೆ ನಿಧಾನ. ಏರಿಸಿದ್ದನ್ನು ಇಳಿಸದೆ ಬಿಡಬೇಡಿ. ಏರಿದ ಎದೆಬಡಿತವನ್ನು ಇಳಿಸುವ ಅಭ್ಯಾಸ ಈ ಮೈಗಳಿಗೆ ತಪ್ಪಿಹೋಗಿರುತ್ತದೆ.

ಎಣಿಕೆ ಯಾವ ಭಾಷೆಯಲ್ಲಿ ಅನ್ನುವುದು ಸಣ್ಣ ಪ್ರಶ್ನೆ ಅಲ್ಲ. ನಮ್ಮ ಹಾಲ್‌ನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಇತ್ತು. ನಾನು 'ಒಂದು ಎರಡು' ಅಂದರೆ ಒಬ್ಬ ಬೇಕಂತಲೇ 'ಒನ್ನು ರೆಂಡು' ಅನ್ನುತ್ತಿದ್ದ. ಕೊನೆಗೆ ಸೊಲ್ಲುಕಟ್ಟಿಗೆ, ಅಂದರೆ ತಾಳವನ್ನು ಬಾಯಲ್ಲಿ ಹೇಳುವ ಸೊಲ್ಲುಗಳಿಗೆ ಬಂದೆವು. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತದಿಗಿಣತೊಂ. ಅದು ಯಾರ ಮನೆಯ ಮಾತೂ ಅಲ್ಲ, ಎಲ್ಲರ ಬಾಯಿಗೂ ಬಂತು. ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. 'ಉದ್ದಕ್ಕೆ ಉಸಿರು ಬಿಡಿ' ಅಂದರೆ ಮಕ್ಕಳು ಕಿಸಕ್ ಅಂತ ನಗುತ್ತಾರೆ. 'ಒಂದೇ ಉಸಿರಲ್ಲಿ ಎಷ್ಟು ತದಿಗಿಣತೊಂ ಹೇಳ್ತೀರಾ' ಅಂದರೆ ಪೈಪೋಟಿಗೆ ಬೀಳುತ್ತಾರೆ. ಉಸಿರು ಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ನೀವು ಪಾಠ ಮಾಡಬೇಕಿಲ್ಲ.

ನಡುವಿನ ಅರ್ಧ ಗಂಟೆ ಹೊಸದು ಕಲಿಯುವುದಕ್ಕೆ. ಏನು ಕಲಿಸಬೇಕು ಅನ್ನುವುದಕ್ಕೆ ಈಗ ಬರುತ್ತೇನೆ. ಅದರ ನಂತರ ಹತ್ತು ನಿಮಿಷ ಸ್ಟ್ಯಾಚ್ಯೂ ಆಟ, ಆದರೆ ಹಾಡು ನಿಲ್ಲಿಸುವ ಫೋನ್ ಮಕ್ಕಳ ಕೈಯಲ್ಲಿ, ಸರದಿಯ ಮೇಲೆ. ಸದ್ದನ್ನು ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಅನ್ನುವುದು ಈ ಮಕ್ಕಳಿಗೆ ದೊಡ್ಡ ವಿಷಯ. ಕೊನೆಗೆ ಪ್ರತಿ ವಾರವೂ ಅದೇ ಎಂಟು ಎಣಿಕೆಯ ನಿಧಾನದ ಚಲನೆ, ಬಾಳೆಹಣ್ಣು, ಮನೆಗೆ.

ಹೆಜ್ಜೆ 6: ಯಾವ ಕುಣಿತ?

ಮಕ್ಕಳು ಕೇಳುವುದು ಸಿನಿಮಾ ಹಾಡು. ಗಣೇಶನ ಪೆಂಡಾಲ್, ಅಣ್ಣಮ್ಮನ ಉತ್ಸವ, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವದ ಸ್ಟೇಜು, ಅವರಿಗೆ ಡ್ಯಾನ್ಸ್ ಅಂದರೆ ಅದು. ಅದರಲ್ಲಿ ಅರ್ಧ ಹಾಡು ಮಚ್ಚು ಹಿಡಿದ ಹೀರೋನದು. ನಾನು ಒಂದು ಸಲ ಬ್ಯಾನ್ ಮಾಡಿ ನೋಡಿದೆ, ಕ್ಲಾಸಿನ ಅರ್ಧ ಖಾಲಿಯಾಯಿತು. ಈಗ ಬ್ಯಾನ್ ಇಲ್ಲ. ಹಾಡು ಹಾಕುತ್ತೇವೆ, ಆ ಬೀಟಿಗೆ ಮಚ್ಚು ಬೀಸುವ ಸ್ಟೆಪ್ ಬದಲು ನೀವೇ ಒಂದು ಕಟ್ಟಿ ಅನ್ನುತ್ತೇನೆ. ದೋಸೆ ಹುಯ್ಯುವುದು, ಬಿಎಂಟಿಸಿ ಬಸ್ಸಿನಲ್ಲಿ ನೇತಾಡುವುದು, ಎಲ್ಲ ಬಂದಿದೆ.

ದೊಡ್ಡ ಹುಡುಗರಿಗೆ ಬ್ರೇಕಿಂಗ್ ಇಷ್ಟ, ನೆಲದ ಮೇಲೆ ಉರುಳಿ ತಿರುಗಿ ಮಾಡುವ ಹಿಪ್ ಹಾಪ್ ಕುಣಿತ. ಅದರ ಕಥೆ ಹೇಳಿ, ಅವರು ಬಾಯಿ ಮುಚ್ಚಿ ಕೇಳುವ ಕಥೆ ಇದೊಂದೇ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1971ರ ಡಿಸೆಂಬರ್‌ನಲ್ಲಿ ಗ್ಯಾಂಗುಗಳ ಜಗಳ ಬಿಡಿಸಲು ಹೋದ ಯುವಕನನ್ನೇ ಕೊಂದರು. ಅವನ ಗ್ಯಾಂಗಿನವರು, ಘೆಟ್ಟೋ ಬ್ರದರ್ಸ್, ಸೇಡು ತೀರಿಸಿಕೊಳ್ಳುವ ಬದಲು ಹಲವು ಗ್ಯಾಂಗುಗಳನ್ನು ಕೂರಿಸಿ ರಾಜಿ ಮಾಡಿಸಿದರು. ಹುಡುಗರು ಇನ್ನೊಂದು ಏರಿಯಾದ ಪಾರ್ಟಿಗೆ ಹೋಗುವ ಹಾಗಾಯಿತು. 1973ರ ಆಗಸ್ಟ್ 11ರಂದು ಅದೇ ಬ್ರಾಂಕ್ಸ್‌ನ ಒಂದು ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ ಡಿಜೆ ಕೂಲ್ ಹರ್ಕ್ ಹಾಡು ಹಾಕಿದ. ಹಿಪ್ ಹಾಪ್ ಹುಟ್ಟಿದ ದಿನ ಅಂತ ಅದನ್ನೇ ಹೇಳುತ್ತಾರೆ. ಆಗಸ್ಟ್ 11. ತಾರೀಖು ಕೇಳಿದಾಗ ಡಿ.ಜೆ. ಹಳ್ಳಿ ಕಡೆಯ ಹುಡುಗನೊಬ್ಬ ತಲೆ ಎತ್ತಿ ನನ್ನನ್ನು ನೋಡಿದ, ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಬ್ರೇಕಿಂಗ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಹೋಯಿತು. 'ಬ್ಯಾಟಲ್', ಅಂದರೆ ಎದುರುಬದುರು ನಿಂತು ಸರದಿಯಲ್ಲಿ ಕುಣಿಯುವ ಪೈಪೋಟಿ, ಕಲಿಸುವಾಗ ಒಂದೇ ನಿಯಮ: ಎದುರಾಳಿಯನ್ನು ಮುಟ್ಟುವ ಹಾಗಿಲ್ಲ, ಅವನು ಕುಣಿಯುವಾಗ ಪೂರ್ತಿ ನೋಡಬೇಕು.

ತಮಟೆಯ ವಿಷಯದಲ್ಲಿ ಹುಷಾರು. ತಮಟೆ ಬಾರಿಸುವ ಅಪ್ಪಂದಿರು ನಿಮ್ಮ ಏರಿಯಾದಲ್ಲೇ ಇರುತ್ತಾರೆ, ಅವರೇ ಒಳ್ಳೆಯ ಮೇಷ್ಟ್ರು. ದುಡ್ಡು ಕೊಟ್ಟು, ಮೇಷ್ಟ್ರೇ ಅಂತಲೇ ಕರೆದು ಕರೆತನ್ನಿ. ಜಾತಿಯ ಹೆಸರಲ್ಲಿ ಅವಮಾನ ಉಂಡ ಮಗ, ಅಪ್ಪ ಹಾಲ್‌ನ ನಡುವೆ ನಿಂತದ್ದನ್ನು ನೋಡಲಿ. ಆದರೆ ಅದೇ ತಮಟೆಯನ್ನು ಹೆಣದ ಮುಂದೆಯೂ ಬಾರಿಸುತ್ತಾರೆ. ಅಣ್ಣನನ್ನು ಕಳೆದುಕೊಂಡ ಹುಡುಗಿಗೆ ಆ ಬಡಿತ ಕೇಳಿದರೆ ಹಬ್ಬ ನೆನಪಾಗುವುದಿಲ್ಲ. ಹಿಂದಿನ ವಾರವೇ ಹೇಳಿ, 'ಬರುವ ಶನಿವಾರ ತಮಟೆ ಇರುತ್ತೆ'. ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೇಲು ಕೋಲಾಟ. ದೊಣ್ಣೆ ಎತ್ತಿದ್ದನ್ನು ಕಂಡ ಮಕ್ಕಳ ಕೈಗೆ ಎರಡೆರಡು ಕೋಲು ಕೊಡುವುದು ಹುಚ್ಚುತನ ಅಂತ ಹಲವರು ಬೈದಿದ್ದಾರೆ. ಅದಕ್ಕೇ ನಿಧಾನ. ಮೊದಲ ನಾಲ್ಕು ವಾರ ಬರಿಗೈ, ಅಂಗೈಗೆ ಅಂಗೈ. ಅದೂ ಬೇಡ ಅನ್ನುವವರು ಗಾಳಿಯಲ್ಲಿ, ಒಂದು ಗೇಣು ದೂರದಲ್ಲಿ ತಟ್ಟಲಿ. ಆಮೇಲೆ ನಾಲ್ಕು ವಾರ ಪೇಪರ್ ಸುರುಳಿ. ಹಳೇ ದಿನಪತ್ರಿಕೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಜೋರಾಗಿ ಹೊಡೆದರೆ ಬಗ್ಗುತ್ತದೆ, ಯಾರಿಗೂ ನೋಯುವುದಿಲ್ಲ. ಸುರುಳಿ ಬಗ್ಗದ ಹಾಗೆ ಇಡೀ ಹಾಡು ಮುಗಿಸಿದ ಜೋಡಿಗೆ ಬಿದಿರಿನ ಕೋಲು. ಈ ಒಂದು ನಿಯಮ ಹತ್ತು ಬೈಗುಳದ ಕೆಲಸ ಮಾಡುತ್ತದೆ. ಕೋಲಾಟದಲ್ಲಿ ಎದುರಿನವನ ಕೋಲಿಗೆ ಹೊಡೆಯಬೇಕು, ಅವನಿಗೆ ತಾಗಬಾರದು. ಬಲ ಎಷ್ಟು, ದೂರ ಎಷ್ಟು, ಹೊತ್ತು ಯಾವುದು, ಎಲ್ಲ ಕೈಗೇ ಗೊತ್ತಾಗಬೇಕು. ಎರಡು ಸುತ್ತು ಮಾಡಿ, ಒಳ ಸುತ್ತು ಒಂದು ಕಡೆಗೆ, ಹೊರ ಸುತ್ತು ಇನ್ನೊಂದು ಕಡೆಗೆ. ಎಂಟು ಎಣಿಕೆಗೊಮ್ಮೆ ಜೋಡಿ ಬದಲು. ಮೇಲಿನ ಬೀದಿಯವನು ಕೆಳಗಿನ ಬೀದಿಯವನ ಎದುರು ಬಂದೇ ಬರುತ್ತಾನೆ, ನೀವು ಜೋಡಿ ಮಾಡಬೇಕಿಲ್ಲ. ಎಂಟು ಎಣಿಕೆಯಷ್ಟೇ, ಆಮೇಲೆ ಮುಂದಕ್ಕೆ.

ವರ್ಷ ಕಳೆದ ಮೇಲೆ ಜಡೆ ಕೋಲಾಟಕ್ಕೆ ಕೈ ಹಾಕಿ. ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಹಿಡಿದು ಕುಣಿಯುತ್ತಾ ಜಡೆ ಹೆಣೆಯುವುದು, ಅದೇ ಹೆಜ್ಜೆಯನ್ನು ಹಿಂದಕ್ಕೆ ಹಾಕಿ ಬಿಚ್ಚುವುದು. ಒಬ್ಬ ತಪ್ಪಿದರೆ ಗಂಟು. ನಮ್ಮಲ್ಲಿ ಮೊದಲ ಸಲ ಬಿದ್ದ ಗಂಟು ಬಿಚ್ಚಲು ನಲವತ್ತು ನಿಮಿಷ ಹಿಡಿಯಿತು. ಯಾರೂ ಯಾರನ್ನೂ ಹೊಡೆಯಲಿಲ್ಲ.

ಹೆಜ್ಜೆ 7: ಕ್ಲಾಸಿನಲ್ಲೇ ಜಗಳ ಎದ್ದರೆ

ಏಳುತ್ತದೆ. ಕೂಗಬೇಡಿ. ಹಾಡು ನಿಲ್ಲಿಸದೆ ಸದ್ದು ನಿಧಾನಕ್ಕೆ ಇಳಿಸಿ. ಉಳಿದವರಿಗೆ ಗೊತ್ತಿರುವ ಹೆಜ್ಜೆ ಕೊಡಿ, ತಟ್ಟಡವು ಸಾಕು. ಜಗಳದವರ ನಡುವೆ ನುಗ್ಗದೆ ಪಕ್ಕದಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ. ಇಬ್ಬರನ್ನೂ ಬೇರೆ ಬೇರೆ ಗೋಡೆಗೆ ಎರಡೂ ಅಂಗೈ ಒತ್ತಿ ನಿಲ್ಲಲು ಹೇಳಿ, ಗೋಡೆ ತಳ್ಳಲಿ. ಕ್ಷಮೆ ಕೇಳಿಸುವ ನಾಟಕ ಅದೇ ಹೊತ್ತಲ್ಲಿ ಬೇಡ. ಮುಂದಿನ ವಾರ ಇಬ್ಬರೂ ಬರಬಹುದು ಅಂತ ಅವತ್ತೇ ಹೇಳಿ ಕಳಿಸಿ. ಕ್ಲಾಸಿನಿಂದ ಓಡಿಸುವುದು ಕೊನೆಯ ದಾರಿ. ಚಾಕು ತಂದರೆ ಮಾತ್ರ ಕ್ಲಾಸ್ ಅಲ್ಲಿಗೆ ನಿಲ್ಲುತ್ತದೆ, ಅದನ್ನು ಮೊದಲ ವಾರವೇ ಹೇಳಿರಬೇಕು.

ಮರಗಟ್ಟಿದ ಮಗುವಿಗೆ ಪ್ರಶ್ನೆ ಕೇಳಬೇಡಿ. ಪಕ್ಕದಲ್ಲಿ ಕೂತು, 'ಈ ಹಾಲ್‌ನಲ್ಲಿ ನೀಲಿ ಬಣ್ಣ ಎಲ್ಲೆಲ್ಲಿದೆ, ಎಣಿಸೋಣ್ವಾ' ಅನ್ನಿ. ನೀರು ಕೊಡಿ.

ಹೆಜ್ಜೆ 8: ಸ್ಟೇಜು ಮತ್ತು ಕ್ಯಾಮೆರಾ

ಒಂದು ಕಂಪನಿಯವರು ನಮಗೆ ಸ್ಪೀಕರ್, ಡ್ರೆಸ್ ಎಲ್ಲ ಕೊಡುತ್ತೇವೆ ಅಂದರು. ಬದಲಿಗೆ ಒಬ್ಬಳು ಸ್ಟೇಜಿನ ಮೇಲೆ ತನ್ನ ಮನೆಯ ಕಥೆ ಹೇಳಬೇಕಂತೆ, 'ಎರಡೇ ನಿಮಿಷ'. ಬೇಡ ಅಂದೆವು. ಸ್ಪೀಕರ್ ಬರಲಿಲ್ಲ. ಹಳೇ ಸ್ಪೀಕರ್ ಗರ್‌ಗರ್ ಅನ್ನುತ್ತಾ ಇನ್ನೂ ಎರಡು ವರ್ಷ ಓಡಿತು.

ಕಾರ್ಯಕ್ರಮ ಮಾಡಿ, ಮಕ್ಕಳಿಗೆ ಚಪ್ಪಾಳೆ ಬೇಕು. ಆದರೆ ಮಚ್ಚು, ರಕ್ತ, ಅಳುವ ಅಮ್ಮನ ದೃಶ್ಯ ಕುಣಿಸಬೇಡಿ. ಚೆನ್ನಾಗಿ ಕೋಲಾಟ ಆಡಿದ್ದಕ್ಕೆ ಚಪ್ಪಾಳೆ ಬೀಳಲಿ. ಫೋಟೋಗೆ ಅಪ್ಪ ಅಮ್ಮನ ಒಪ್ಪಿಗೆ ಬರೆಸಿಕೊಳ್ಳಿ, ಮಗುವನ್ನೂ ಬೇರೆಯಾಗಿ ಕೇಳಿ. ದೌರ್ಜನ್ಯಕ್ಕೆ ಒಳಗಾದ ಅಥವಾ ಅದಕ್ಕೆ ಸಾಕ್ಷಿಯಾದ ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ವಾಟ್ಸಾಪ್ ಸ್ಟೇಟಸ್‌ಗೆ ಹಾಕುವ ಮುಂಚೆಯೂ ಇದು ನೆನಪಿರಲಿ.

ಹೆಜ್ಜೆ 9: ನೀವು ಹೊರಡುವ ದಿನ

ಫಂಡ್ ಮುಗಿಯುತ್ತದೆ, ಮದುವೆಯಾಗುತ್ತದೆ, ಊರು ಬದಲಾಗುತ್ತದೆ. ಈ ಮಕ್ಕಳ ಬದುಕಲ್ಲಿ ಜನ ಹೇಳದೆ ಕೇಳದೆ ಮಾಯವಾಗಿದ್ದಾರೆ. ನೀವು ಹಾಗೆ ಮಾಡಬೇಡಿ. ಎರಡು ತಿಂಗಳು ಮೊದಲೇ ಹೇಳಿ, ಕೊನೆಯ ಕ್ಲಾಸಿನ ತಾರೀಖು ಗೋಡೆಗೆ ಬರೆಯಿರಿ. ಕೆಲವರು ಸಿಟ್ಟು ಮಾಡಿಕೊಂಡು ಬರುವುದು ಬಿಡುತ್ತಾರೆ. ಅವರ ಮನೆಗೆ ಹೋಗಿ ತಾರೀಖು ಹೇಳಿ ಬನ್ನಿ. ಅಷ್ಟರಲ್ಲಿ ಇಬ್ಬರು ದೊಡ್ಡ ಮಕ್ಕಳಿಗೆ ಹೆಸರಿನ ಸುತ್ತು ನಡೆಸುವುದನ್ನೂ, ತಾಳ ಹಾಕುವುದನ್ನೂ ಕಲಿಸಿರಿ. ಅವರ ಜೊತೆ ಹಾಲ್‌ಗೆ ಬರುವ ದೊಡ್ಡವರೊಬ್ಬರನ್ನು ಹುಡುಕಿಡಿ. ಕೋಲುಗಳನ್ನು ಎಣಿಸದೆ ಅಲ್ಲೇ ಬಿಟ್ಟು ಬನ್ನಿ. ಸ್ಪೀಕರ್ ಕೊಡುವಾಗ ಚಾರ್ಜರ್ ಮರೆಯಬೇಡಿ, ನಾನು ಮರೆತು ಎರಡು ಬಸ್ ಹಿಡಿದು ವಾಪಸ್ ಹೋಗಿದ್ದೆ. ಅವತ್ತು ಭಾನುವಾರ. ಹಾಲ್‌ನ ಒಳಗಿಂದ ತದಿಗಿಣತೊಂ ಕೇಳುತ್ತಿತ್ತು. ಚಾರ್ಜರನ್ನು ವಾಚ್‌ಮನ್ ಕೈಗೆ ಕೊಟ್ಟು ಬಂದೆ.